ಗೆಂಡೆ ಮೊಟ್ಟೆ ಇಡುವ ತನಕ

ನಮ್ಮೂರಿನಲ್ಲಿ ಎಲ್ಲರದೂ ಒಂದೇ ಹುಟ್ಟುಹಬ್ಬ. ಕೆರೆಯ ಗೆಂಡೆಮೀನು ಮೊಟ್ಟೆ ಇಟ್ಟ ದಿನವೇ ಕೂಸು ಹುಟ್ಟಬೇಕು. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಮುಂಗಾರಿನ ದೊಡ್ಡ ಮಳೆ ಬಿದ್ದು ಹಳ್ಳದ ಕೆಂಪು ನೀರು ಕೆರೆಗೆ ನುಗ್ಗಿತೆಂದರೆ ಗೆಂಡೆಗಳು ಆಳ ಬಿಟ್ಟು ಅಂಚಿನ ಹುಲ್ಲಿಗೆ ಬರುತ್ತಿದ್ದವು. ಹುಲ್ಲು ಅಲ್ಲಾಡಿದ್ದು ಕಂಡವರು ಏರಿಯ ಮೇಲೆ ನಿಂತು ಕೂಗು ಹಾಕುವರು. ಆ ಕೂಗಿಗೆ ಊರಿನ ದಿನತುಂಬಿದ ಬಸುರಿಯರೆಲ್ಲ ಒಟ್ಟಿಗೇ ಸೊಂಟ ಹಿಡಿದುಕೊಳ್ಳುವರು. ಸೂಲಗಿತ್ತಿ ಮಾಬೂಬಿಗೂ ಆಕೆಯ ಸೊಸೆಯಂದಿರಿಗೂ ವರ್ಷಕ್ಕೆ ಒಂದೇ ದಿನ ಕೆಲಸ. ಆ ದಿನ ಮಾತ್ರ ಅವರಿಗೆ ಉಸಿರಾಡಲು ಪುರಸೊತ್ತಿರುತ್ತಿರಲಿಲ್ಲ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಅವರ ಊರುಗಳಲ್ಲಿ ಕೂಸುಗಳು ಹೊತ್ತುಗೊತ್ತಿಲ್ಲದೆ ಹುಟ್ಟುತ್ತವಂತೆ. ಅದನ್ನು ಕೇಳಿ ನಾವೂ ನಗುತ್ತೇವೆ.

ನಾನು ನಿಂಬವ್ವ, ಗಿಲೀಟಿನ ಮನೆಯ ಸೊಸೆ. ತಗಡಿನ, ಹಿತ್ತಾಳೆಯ ಸಾಮಾನನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಕರೆಂಟು ಕೊಟ್ಟು, ಬೆಳ್ಳಿಯಂಥ ಹೊಳಪು ಹಿಡಿಸುವುದು ನಮ್ಮ ಮನೆಯ ಕಸುಬು. ಅಂಗಡಿ ನಡೆಸುವವರು ನನ್ನ ಅತ್ತೆ ತುಳಜವ್ವ. ನನ್ನ ಗಂಡ ಹೊನ್ನಪ್ಪ ಹೆಸರಿಗೆ ಯಜಮಾನ, ಕೆಲಸಕ್ಕೆ ಆಳು. ಅದರಲ್ಲಿ ಅವನಿಗೇನೂ ಬೇಜಾರಿಲ್ಲ. ಅತ್ತೆಗೆ ಹೊಳಪೆಂದರೆ ಪ್ರಾಣ. ಬಾಗಿಲ ಚಿಲಕ, ನೀರಿನ ಹಂಡೆ, ಎಮ್ಮೆಯ ಕೊರಳಿನ ಗಂಟೆ, ಎಲ್ಲವೂ ಮುಖ ಕಾಣುವಂತೆ ಹೊಳೆಯಬೇಕು. ನಮ್ಮ ಮನೆಯಲ್ಲಿ ಕನ್ನಡಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಚರಿಗೆಯಲ್ಲಿ ನೋಡಿಕೊಂಡೇ ಕುಂಕುಮ ಇಟ್ಟುಕೊಳ್ಳುತ್ತಿದ್ದೆ.

ಊರಿನಲ್ಲಿ ಒಂದು ಪದ್ಧತಿ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕುಬುಸ ಮಾಡಿದ ಮರುದಿನ ಆಕೆಯ ಅತ್ತೆ ಕೆರೆಗೆ ಹೋಗಿ ಒಂದು ಪುಟ್ಟ ತೊಟ್ಟಿಲು ಬಿಟ್ಟು ಬರಬೇಕು. ಈ ಮನೆಯಲ್ಲೂ ಒಂದು ಕೂಸು ಕಾಯುತ್ತಿದೆ ಎಂಬುದು ಗೆಂಡೆಗಳಿಗೆ ಗೊತ್ತಾಗಲಿ ಎಂದು. ಹಿಂದೆ ಜೋಳದ ದಂಟಿನಲ್ಲಿ ತೊಟ್ಟಿಲು ಹೆಣೆಯುತ್ತಿದ್ದರು. ಅದು ನಾಲ್ಕು ದಿನ ತೇಲಿ, ನೆನೆದು, ಕೊಳೆತು ಹೋಗುತ್ತಿತ್ತು. ನಮ್ಮತ್ತೆಗೆ ಅದು ಸರಿಬರಲಿಲ್ಲ. "ಹುಟ್ಟೂ ಕೂಸಿಗೆ ದಂಟಿನ ತೊಟ್ಟಿಲೇನ? ದನಕ್ಕ ಹಾಕೂದನ್ನ ಕೆರಿಗೆ ಕೊಡ್ತೀರಿ, ನಾಚಿಕಿ ಬರಂಗಿಲ್ಲೇನು?" ಎಂದು ತಗಡಿನ ತೊಟ್ಟಿಲು ಮಾಡಿಸಿ, ಗಿಲೀಟು ಹಾಕಿ, ಓಣಿಯ ಹೆಂಗಸರ ಮುಂದೆ ಹಿಡಿದರು. ಕಂಡವರ ಕಣ್ಣು ಅದರ ಮೇಲೇ ಬಿತ್ತು. ಆಮೇಲೆ ದಂಟಿನ ತೊಟ್ಟಿಲನ್ನು ಕೇಳುವವರೇ ಇಲ್ಲದಾದರು. ನಮ್ಮ ಬೀದಿಯಲ್ಲಿ ಇನ್ನೂ ಗಿಲೀಟಿನ ಅಂಗಡಿಗಳು ಎದ್ದವು. ತೊಟ್ಟಿಯ ಹಳೆಯ ನೀರು, ಸಾಮಾನು ತೊಳೆದ ನೀರು ಎಲ್ಲ ಹಿತ್ತಲ ಗಟಾರದಿಂದ ಕೆರೆಗೆ ಇಳಿಯುತ್ತಿತ್ತು. ಗಿಣಿಹಸಿರು ಬಣ್ಣದ ಆ ನೀರು ನೋಡಲು ಚೆಂದವೇ ಇತ್ತು.

ನಾನು ಬಸುರಾದ ವರ್ಷ ಮಳೆ ಚೆನ್ನಾಗಿ ಬಂತು. ಊರೆಲ್ಲ ಏರಿಯ ಮೇಲೆ ಕೊಡೆ ಹಿಡಿದು ನಿಂತಿತು. ಹುಲ್ಲು ಅಲ್ಲಾಡಲಿಲ್ಲ. ಮೀನು ಮಾರುವ ದುರಗವ್ವ ಬಲೆ ಬೀಸಿ ಒಂದು ಗೆಂಡೆ ಎತ್ತಿ ತೋರಿಸಿದಳು. ಅದರ ಹೊಟ್ಟೆ ನನ್ನ ಹೊಟ್ಟೆಯ ಹಾಗೆಯೇ ಬಿಗಿದುಕೊಂಡಿತ್ತು. "ತತ್ತಿ ತುಂಬ್ಯಾವ, ಬಿಡವಲ್ದು," ಎಂದಳು. ಇವತ್ತಲ್ಲ ನಾಳೆ ಬಿಡಬಹುದೆಂದು ಕಾದೆವು. ಮಳೆಗಾಲ ಮುಗಿಯಿತು, ಸುಗ್ಗಿ ಮುಗಿಯಿತು, ಮತ್ತೆ ಮಳೆಗಾಲ ಬಂತು. ಗೆಂಡೆಯೂ ಬಿಡಲಿಲ್ಲ, ನಾವೂ ಹೆರಲಿಲ್ಲ.

ನೀವು ಅಯ್ಯೋ ಪಾಪ ಅನ್ನಬೇಡಿ. ಮೊದಮೊದಲು ಹೆದರಿಕೆಯಾಯಿತು ನಿಜ, ಆದರೆ ಮನುಷ್ಯರು ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ? ಬಸುರಿಗೆ ವರ್ಷಕ್ಕೊಂದು ಕುಬುಸ ಆಗಲೇಬೇಕೆಂದು ಊರಿನ ಹಿರಿಯರು ತೀರ್ಮಾನ ಮಾಡಿದರು. ಆದ್ದರಿಂದ ನನಗೆ ವರ್ಷವರ್ಷವೂ ಹೊಸ ಹಸಿರು ಸೀರೆ, ಎರಡೂ ಕೈತುಂಬ ಬಳೆ, ಬಯಸಿ ಬಯಸಿ ತಿನ್ನುವ ಊಟ. ಭಾರ ಎತ್ತುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಅತ್ತೆ ಬಯ್ಯುವ ಹಾಗಂತೂ ಇಲ್ಲವೇ ಇಲ್ಲ. ಯಾವ ಸೊಸೆಗುಂಟು ಈ ಭಾಗ್ಯ? ಚಹದಂಗಡಿಯವನು ಬಸುರಿಯರಿಗೆಂದೇ ಅಗಲವಾದ ಬೆಂಚು ಮಾಡಿಸಿ ಹಾಕಿದ. ಒಂದನೇ ತರಗತಿಗೆ ಮಕ್ಕಳೇ ಇಲ್ಲದಂತಾಗಿ ಕಲ್ಲಪ್ಪ ಮಾಸ್ತರರು ಬೇಜಾರು ಹಚ್ಚಿಕೊಂಡರು. ಕೊನೆಗೆ ಸಂಜೆ ನಮ್ಮನ್ನೆಲ್ಲ ಕೆರೆಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ನಮ್ಮ ಹೊಟ್ಟೆಗಳಿಗೆ ಮಗ್ಗಿ ಹೇಳಿಕೊಡತೊಡಗಿದರು. "ವರ್ಷ ಹಾಳಾಗಬಾರದು ನೋಡ್ರವ್ವ," ಎನ್ನುತ್ತಿದ್ದರು. ಮಗ್ಗಿ ಶುರುವಾದ ಕೂಡಲೇ ನನ್ನ ಕೂಸು ನಿದ್ದೆ ಹೋಗುತ್ತಿತ್ತು. ಅದು ಅಪ್ಪನ ಬುದ್ಧಿ.

ಹೌದು, ಕೂಸಿಗೆ ಆಗಲೇ ಬುದ್ಧಿ ಬಂದಿತ್ತು. ಎತ್ತಿನ ಬಂಡಿಯ ಸದ್ದು ಕೇಳಿದರೆ ಒದೆಯುತ್ತಿತ್ತು, ಒಗ್ಗರಣೆ ಚಟಪಟ ಎಂದರೆ ಹೊರಳುತ್ತಿತ್ತು. ಅತ್ತೆ ನನ್ನನ್ನು ಬಯ್ಯಲಾಗದ ಸಿಟ್ಟನ್ನೆಲ್ಲ ಹೊಟ್ಟೆಯ ಮೇಲೆ ತೀರಿಸುತ್ತಿದ್ದರು. ಬೆಳಿಗ್ಗೆ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಏ, ಒಳಗ ಅಷ್ಟ ಚೊಲೋ ಆಗೇತೇನು ನಿನಗ? ಹೊರಗ ಬಂದು ಒಮ್ಮೆ ಮಾರಿ ತೋರಿಸಿ ಹೋಗಾಕ ಏನ್ ಧಾಡಿ?" ಎಂದು ಜಗಳ ತೆಗೆಯುವರು. ಕೂಸು ಒಂದು ಒದೆ ಕೊಡುವುದು. "ನೋಡು ನೋಡು, ಎದುರುತ್ತರ ಕೊಡತೈತಿ!" ಎಂದು ಅತ್ತೆ ಖುಷಿಯಿಂದ ಅಂಗಡಿಗೆ ಹೋಗುವರು. ನಾನು ಸುಖವಾಗಿಯೇ ಇದ್ದೆ. ಆದರೆ ಒಬ್ಬಳೇ ಇದ್ದಾಗ ಹೊಟ್ಟೆಯ ಮೇಲೆ ಕೈಯಿಟ್ಟು, ಇದರ ಮೂಗು ಯಾರದು, ಕಣ್ಣು ಯಾರದು ಎಂದು ಯೋಚಿಸುತ್ತಿದ್ದೆ. ಇಷ್ಟು ಹತ್ತಿರ ಇದ್ದೂ ಮುಖ ಕಾಣದವರು ಇನ್ಯಾರಿದ್ದಾರೆ?

ಗೆಂಡೆಗಳು ನಮ್ಮನ್ನು ಮರೆತಿವೆ ಎಂದು ಊರು ತಿಳಿಯಿತು. ಮರೆತವರಿಗೆ ಮತ್ತೆ ಮತ್ತೆ ನೆನಪು ಮಾಡಬೇಕಲ್ಲ? ಕುಬುಸಕ್ಕೊಂದು ಬಿಡುತ್ತಿದ್ದ ತೊಟ್ಟಿಲನ್ನು ಅಮವಾಸ್ಯೆಗೊಂದು, ಹುಣ್ಣಿಮೆಗೊಂದು ಬಿಡತೊಡಗಿದರು. ತೊಟ್ಟಿಲು ದೊಡ್ಡದಾಗುತ್ತ ಹೋಯಿತು, ಹೊಳಪು ಹೆಚ್ಚುತ್ತ ಹೋಯಿತು. ನಮ್ಮ ಅಂಗಡಿಯ ತೊಟ್ಟಿಗಳು ತಣ್ಣಗಾಗುವುದೇ ನಿಂತಿತು, ಗಟಾರದ ಹಸಿರು ನೀರು ಒಣಗುವುದೇ ನಿಂತಿತು. ನಮ್ಮ ಮನೆಯ ತೊಟ್ಟಿಲಂತೂ ಕೆರೆಯ ತಳದಲ್ಲಿ ಬಿದ್ದರೂ ದಡದಿಂದ ಮಿನುಗುತ್ತಿತ್ತು. ಅತ್ತೆ ಅದನ್ನು ತೋರಿಸಿ, "ಮೀನು ಕುರುಡಿದ್ರೂ ಇದು ಕಾಣಬೇಕು," ಎನ್ನುತ್ತಿದ್ದರು.

ಹೀಗೆ ವರ್ಷಗಳು ಕಳೆದು, ಒಂದು ಬೇಸಿಗೆಯಲ್ಲಿ ಕೂಸಿನ ಒದೆತ ಕಡಿಮೆಯಾಯಿತು. ಬಂಡಿ ಹೋದರೂ ಸುಮ್ಮನೆ, ಒಗ್ಗರಣೆಗೂ ಸುಮ್ಮನೆ. ಅತ್ತೆ ಎದುರು ಕೂತು ಬೈದರು, ಉತ್ತರ ಬರಲಿಲ್ಲ. ಮತ್ತೊಮ್ಮೆ ಬೈದು, ಹೊಟ್ಟೆಗೆ ಕಿವಿಯಿಟ್ಟರು. ಮಾಬೂಬಿಯನ್ನು ಕರೆಸಿದೆವು. ಆಕೆ ಕಣ್ಣು ಮುಚ್ಚಿ ಬಹಳ ಹೊತ್ತು ಹೊಟ್ಟೆಯ ಮೇಲೆ ಕೈಯಾಡಿಸಿದಳು.

"ಜೀವ ಐತಿ ತಂಗಿ. ಆದ್ರ ದಣದೈತಿ," ಎಂದಳು. "ಇನ್ನೊಂದು ಮಳಿಗಾಲ ದಾಟಾಕ ಆಗಂಗಿಲ್ಲ ಅನಸ್ತದ. ಖರೇ ಹೇಳಬೇಕಲ್ಲ, ಅದಕ್ಕ ಹೇಳಿದೆ."

ಅತ್ತೆ ಎದ್ದುಹೋಗಿ ಅಂಗಡಿಯಲ್ಲಿದ್ದ ತೊಟ್ಟಿಲುಗಳಲ್ಲಿ ಅತಿ ದೊಡ್ಡದನ್ನು ಎತ್ತಿಕೊಂಡು ಸುಡುಬಿಸಿಲಲ್ಲಿ ಕೆರೆಗೆ ನಡೆದರು.

ಅದಾಗಿ ಸ್ವಲ್ಪ ದಿನಕ್ಕೆ, ಮಳೆಯಿಲ್ಲ ಮೋಡವಿಲ್ಲ, ನಡುಹಗಲಲ್ಲಿ ದುರಗವ್ವನ ಮನೆಯಿಂದ ಕೂಸಿನ ಅಳು ಕೇಳಿತು. ಊರು ಆ ಸದ್ದನ್ನು ಮರೆತೇಬಿಟ್ಟಿತ್ತು. ಬೆಕ್ಕಿರಬೇಕೆಂದು ಮೊದಲು ಅಂದುಕೊಂಡೆವು. ದುರಗವ್ವನ ಸೊಸೆ ಲಚಮಿ, ನನ್ನ ಹಾಗೆಯೇ ವರ್ಷಗಟ್ಟಲೆ ಕಾದವಳು, ಹೆತ್ತು ಮಲಗಿದ್ದಳು. ಊರಿಗೆ ಊರೇ ಆ ಸಣ್ಣ ಅಂಗಳದಲ್ಲಿ ತುಂಬಿತು. ನಾನು ಹೇಗೋ ನುಗ್ಗಿ ಒಳಗೆ ಹೋದೆ. ಕೂಸು ಕೆಂಪಗೆ, ಮುದುಡಿಕೊಂಡು, ತಲೆತುಂಬ ಕೂದಲು ಬಿಟ್ಟುಕೊಂಡು ಆಕಳಿಸುತ್ತಿತ್ತು. ಅದರ ಆಕಳಿಕೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇನಿದೆ, ಅಷ್ಟು ಹೊಟ್ಟೆಕಿಚ್ಚು ಜನ್ಮದಲ್ಲಿ ಆಗಿರಲಿಲ್ಲ.

"ಇದೆಲ್ಲಾ ಆ ಬಾನ್ಯಾಗಿನ ಗೆಂಡಿ ಮಾಡಿದ್ದು," ಎಂದು ದುರಗವ್ವ ಅಂಗಳದ ಮೂಲೆ ತೋರಿಸಿದಳು. ಆಡುಗಳು ನೀರು ಕುಡಿಯುವ ಕಲ್ಲುಬಾನಿ. ಹೋದ ವರ್ಷ ಯಾರೋ ಹೇಳಿಟ್ಟು ಒಯ್ಯದೆ ಬಿಟ್ಟ ಒಂದು ಜೋಡಿ ಗೆಂಡೆಯನ್ನು ಅದರಲ್ಲಿ ಹಾಕಿದ್ದಳಂತೆ. ಸಾಯಿಸಲು ಮನಸ್ಸು ಬಾರದೆ ಹಾಗೇ ಇಟ್ಟುಕೊಂಡು, ದಿನಾ ಬಾವಿಯ ಹೊಸ ನೀರು ಸುರಿಯುತ್ತಿದ್ದಳಂತೆ. ಬಾನಿಯ ಪಾಚಿಯ ಮೇಲೆ ಸಾಬೂದಾಣಿಯಂಥ ಮೊಟ್ಟೆಗಳು ಅಂಟಿಕೊಂಡಿದ್ದವು.

ಸಂಜೆಯೊಳಗೆ ಕೆರೆಯಲ್ಲಿ ಬಲೆ ಬೀಸದ ಮನೆಯಿರಲಿಲ್ಲ. ಬಾನಿಯ ಗೆಂಡೆ ಆ ಮನೆಗಷ್ಟೇ ಕೂಸು ಕೊಟ್ಟಿತ್ತು, ಆದ್ದರಿಂದ ಎಲ್ಲರಿಗೂ ಮನೆಗೊಂದು ಜೋಡಿ ಗೆಂಡೆ ಬೇಕು. ನಮ್ಮೂರಿನವರ ಬುದ್ಧಿ ನೋಡಿ: ಮನೆಗೆ ಕೂಸು ಕೊಡಲು ಬಂದ ಅತಿಥಿಯನ್ನು ಆಡಿನ ಬಾನಿಯಲ್ಲಿ ಇಡುವುದೆಂದರೇನು? ಮನೆಯಲ್ಲಿದ್ದ ಅತ್ಯಂತ ಹೊಳೆಯುವ ಪಾತ್ರೆ ಹೊರಗೆ ಬಂತು. ನಮ್ಮತ್ತೆ ಹಬ್ಬಕ್ಕೆಂದು ಎತ್ತಿಟ್ಟಿದ್ದ ದೊಡ್ಡ ಹಂಡೆಗೆ, ಸಾಲದೆಂದು, ಒಳಗೂ ಹೊರಗೂ ಹೊಸದಾಗಿ ಗಿಲೀಟು ಹಾಕಿದರು. ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಗೆಂಡೆಗಳನ್ನು ಒಳಗೆ ಬಿಟ್ಟರು. ಹೊನ್ನಪ್ಪ, "ಯವ್ವಾ, ದುರಗವ್ವನ ಬಾನಿ ಕಲ್ಲಿಂದಲ್ಲೇನ?" ಎಂದ. "ನಮ್ಮನಿ ಆಕಿ ಮನಿಯಷ್ಟು ಬಿದ್ದುಹೋಗೇತೇನಲೇ?" ಎಂದು ಅತ್ತೆ ಬಾಯಿ ಮುಚ್ಚಿಸಿದರು.

ಮರುದಿನ ಬೆಳಿಗ್ಗೆ ಗೆಂಡೆಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮಧ್ಯಾಹ್ನಕ್ಕೆ ಎರಡೂ ಹೊಟ್ಟೆ ಮೇಲೆ ಮಾಡಿ ತೇಲಿದವು. ಓಣಿಯ ಎಲ್ಲ ಮನೆಗಳಲ್ಲೂ ಅದೇ ಕಥೆ. ಅತ್ತೆ ಸತ್ತ ಹೆಣ್ಣುಮೀನನ್ನು ಸೆರಗಿನಲ್ಲಿ ಸುತ್ತಿಕೊಂಡು ನೇರ ದುರಗವ್ವನ ಮನೆಗೆ ಹೋದರು, ಅವರ ಹಿಂದೆ ನಾನು ಏದುಸಿರು ಬಿಡುತ್ತ. ದುರಗವ್ವ ಈಳಿಗೆ ತೆಗೆದು ಅದರ ಹೊಟ್ಟೆ ಸೀಳಿದಳು. ಒಳಗಿನ ಮೊಟ್ಟೆಗಳು ಬೂದಿಬಣ್ಣಕ್ಕೆ ತಿರುಗಿ, ಮರಳಿನ ಉಂಡೆಯಂತೆ ಗಟ್ಟಿಯಾಗಿದ್ದವು.

"ಕೆರ್ಯಾಗಿನ ಎಲ್ಲಾ ಗೆಂಡಿ ಹಿಂಗ ಅದಾವ ತುಳಜಕ್ಕ," ಎಂದಳು ದುರಗವ್ವ. "ಗಂಡುಮೀನಿಗೂ ತತ್ತಿ ಮ್ಯಾಲ ಬಿಡೂ ಹಾಲು ಬತ್ತೈತಿ. ನೀರಾಗ ನಿಮ್ಮ ಹೊಳಪು ಇಳದೈತಿ, ನೀರಿನಿಂದ ಮೀನಿಗೆ. ನನ್ನ ಬಾನ್ಯಾಗಿನ ಜೋಡಿಗೆ ವರ್ಷ ಹಿಡೀತು ಅದನ್ನ ಕಳಕೊಳ್ಳಾಕ. ನಿಮ್ಮ ಹಂಡೇದಾಗ ಒಂದು ರಾತ್ರಿನೂ ಬದುಕಲಿಲ್ಲ. ನಾ ಏನ್ ಓದಿದಾಕಿ ಅಲ್ಲವ್ವ. ಕಂಡಿದ್ದು ಹೇಳಿದೆ."

"ಮತ್ತ ಇಷ್ಟ ದಿನ ಬಾಯಾಗ ಏನ್ ಇಟಗೊಂಡಿದ್ದಿ?" ಅತ್ತೆ ಕೂಗಿದರು.

"ನನಗೂ ಎಲ್ಲಿ ಗೊತ್ತಿತ್ತು? ನಾನೂ ನಿಮ್ಮ ಅಂಗಡ್ಯಾಗಿನ ತೊಟ್ಟಿಲಾನ ಬಿಟ್ಟು ಬಂದೇನಿ," ಎಂದಳು ದುರಗವ್ವ. ಆಕೆಯ ಕಣ್ಣಲ್ಲೂ ನೀರಿತ್ತು.

ಅತ್ತೆ ಮನೆಗೆ ಬಂದು ಅಂಗಡಿಯ ಕರೆಂಟು ಆರಿಸಿದರು. ತೊಟ್ಟಿಗಳ ಮುಂದೆ ಸ್ವಲ್ಪ ಹೊತ್ತು ನಿಂತರು, ಕಾಲು ಮುರಿದ ಎಮ್ಮೆಯ ಮುಂದೆ ನಿಂತವರ ಹಾಗೆ. ಆಮೇಲೆ ಹಿತ್ತಲಿಗೆ ಹೋಗಿ ಗಟಾರದ ಬಾಯಿಗೆ ಮಣ್ಣು, ಕಲ್ಲು ತಂದು ಸುರಿದು ತುಳಿಯತೊಡಗಿದರು. ಹೊನ್ನಪ್ಪ ಓಡಿಹೋಗಿ ಸಲಿಕೆ ಹಿಡಿದ. ಬೀದಿಯ ಉಳಿದ ಅಂಗಡಿಯವರು ಬಾಗಿಲಿಗೆ ಬಂದು ಇಣುಕಿದರು. ಒಬ್ಬ, "ಹಿಂಗಾದ್ರ ನಾವು ಏನ್ ತಿನ್ನೂದು ತುಳಜವ್ವಾರ?" ಎಂದ. ಅತ್ತೆ ಸೊಂಟ ನೆಟ್ಟಗೆ ಮಾಡಿ, "ನಿನ್ನ ಹೇಣ್ತಿ ಹೊಟ್ಟೀನೂ ಇಳದಿಲ್ಲಲೇ. ಅದಕ್ಕ ಏನ್ ತಿನಸ್ತಿ ಅದನ್ನ ಮೊದಲ ಹೇಳು," ಎಂದರು. ಸಂಜೆಗೆ ಅವನೂ ತನ್ನ ಗಟಾರ ಮುಚ್ಚಿದ. ಊರಿನವರು ಕೆರೆಗಿಳಿದು ತೊಟ್ಟಿಲುಗಳನ್ನು ಬಲೆಯಲ್ಲಿ ಎಳೆದೆಳೆದು ದಡಕ್ಕೆ ಹಾಕಿದರು. ಅಷ್ಟು ತೊಟ್ಟಿಲುಗಳ ರಾಶಿ ಕಂಡು ನಮಗೇ ನಾಚಿಕೆಯಾಯಿತು. ಕೆರೆ ಚೊಕ್ಕಟವಾಗಲು ಇನ್ನೂ ಬಹಳ ಕಾಲ ಬೇಕು, ಅದು ಎಲ್ಲರಿಗೂ ಗೊತ್ತಿತ್ತು. ನನಗಾದರೋ ಅಷ್ಟು ಕಾಲ ಇರಲಿಲ್ಲ.

ದುರಗವ್ವ ತನ್ನ ಕಲ್ಲುಬಾನಿಯನ್ನು, ಅದರಲ್ಲಿದ್ದ ಗೆಂಡೆಜೋಡಿಯ ಸಮೇತ, ಬಂಡಿಯಲ್ಲಿ ಹೇರಿಸಿ ನಮ್ಮ ಅಂಗಳಕ್ಕೆ ಕಳಿಸಿದಳು. ತನ್ನ ಕೂಸನ್ನು ಎತ್ತಿಕೊಂಡು ಲಚಮಿಯೇ ಬಂಡಿಯ ಮೇಲೆ ಕೂತು ಬಂದಳು. "ನಮ್ಮ ಅತ್ತಿ ಹೇಳ್ಯಾಳ, ಮೀನಿಗೆ ಮಳಿ ಆಗಾಕತ್ತೈತಿ ಅನಸಬೇಕಂತ," ಎಂದಳು. ಅಂದಿನಿಂದ ಅತ್ತೆಗೆ ಅದೊಂದೇ ಕೆಲಸ. ಊರಾಚೆಯ ಗುಡ್ಡದ ಒರತೆಯಿಂದ ಮಣ್ಣಿನ ಕೊಡದಲ್ಲಿ ನೀರು ಹೊತ್ತು ತರುವರು. ಬಿದಿರಿನ ಸಾಣಿಗೆಯನ್ನು ಒಂದು ಕೈಯಲ್ಲಿ ಎತ್ತರಕ್ಕೆ ಹಿಡಿದು, ಇನ್ನೊಂದು ಕೈಯಿಂದ ಅದರೊಳಗೆ ನೀರು ಸುರಿಯುವರು. ಬಾನಿಯ ಮೇಲೆ ಸಣ್ಣ ಮಳೆ ಬೀಳುವುದು. ಸಾಲದೆಂದು ಹೊನ್ನಪ್ಪ ಹಳೆಯ ತಗಡು ಅಲ್ಲಾಡಿಸಿ ಗುಡುಗು ಮಾಡುತ್ತಿದ್ದ. ಓಣಿಯವರು ನಕ್ಕರು, ಆಮೇಲೆ ಅವರೂ ಕಲ್ಲುಬಾನಿ ಹುಡುಕಿಕೊಂಡು ಬಂದು, ಕೆರೆಯ ಗೆಂಡೆಗಳನ್ನು ಒರತೆಯ ನೀರಿನಲ್ಲಿ ಬಿಟ್ಟು ಕಾಯತೊಡಗಿದರು. ಮನೆಮನೆಯ ಅಂಗಳದಲ್ಲೂ ಸಾಣಿಗೆ ಮಳೆ ಶುರುವಾಯಿತು.

ಒಂದು ದಿನ ಗೆಂಡೆ ಮೊಟ್ಟೆ ಇಟ್ಟಿತು. ನನಗೆ ನೋವು ಬಂತು, ಮಾಬೂಬಿ ಓಡಿಬಂದಳು. ಆದರೆ ಮೊಟ್ಟೆಗಳು ನೋಡನೋಡುತ್ತಿದ್ದಂತೆ ಅನ್ನದ ಅಗುಳಿನ ಹಾಗೆ ಬೆಳ್ಳಗಾದವು, ನನ್ನ ನೋವೂ ನಿಂತುಹೋಯಿತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. "ಈ ಮೀನಿನಾಗ ಆ ಹೊಳಪು ಇನ್ನೂ ಸ್ವಲ್ಪ ಉಳದೈತಿ, ಅಷ್ಟ," ಎಂದು ಅತ್ತೆ ಕೊಡ ಎತ್ತಿಕೊಂಡು ಮತ್ತೆ ಗುಡ್ಡಕ್ಕೆ ಹೋದರು. ಅವರ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಕೂಸು ಆಗ ದಿನಕ್ಕೊಮ್ಮೆ ಮಾತ್ರ, ಅದೂ ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಅಲುಗುತ್ತಿತ್ತು. ನಾನು ಹಗಲೆಲ್ಲ ಬಾನಿಯ ಪಕ್ಕ ಕೂತು ಹೆಣ್ಣುಗೆಂಡೆಯ ಮುಖ ನೋಡುತ್ತಿದ್ದೆ. "ಅವ್ವ, ನೀನು ಇಟ್ಟರ ನಾನು ಹಡೀತೀನಿ," ಎಂದು ಬೇಡಿಕೊಳ್ಳುತ್ತಿದ್ದೆ. ಮೀನಿಗೆ ಅವ್ವ ಅನ್ನುವುದೇ ಎಂದು ನಿಮಗೆ ಅನ್ನಿಸಬಹುದು. ಆಗ ನನಗೆ ಅದಕ್ಕಿಂತ ದೊಡ್ಡ ಬಂಧು ಯಾರೂ ಇರಲಿಲ್ಲ.

ಗೆಂಡೆ ಮತ್ತೆ ಮೊಟ್ಟೆ ಇಟ್ಟಾಗ ಹಾಗಾಗಲಿಲ್ಲ. ಅತ್ತೆ ಗುಡ್ಡದಲ್ಲಿದ್ದರು, ಸಾಣಿಗೆ ನನ್ನ ಕೈಯಲ್ಲಿತ್ತು. ಗಂಡುಗೆಂಡೆ ಹೆಣ್ಣಿನ ಪಕ್ಕೆಗೆ ಮೂತಿ ಒತ್ತಿ ಗಿರಗಿರ ಸುತ್ತಿತು, ನೀರು ಕಲಕಿತು, ಪಾಚಿಯ ಮೇಲೆ ಮೊಟ್ಟೆಗಳು ಅಂಟಿದವು. ನೀರಿನಷ್ಟೇ ತಿಳಿಯಾದ, ಒಳಗೊಂದು ಚುಕ್ಕೆ ಇದ್ದ ಮೊಟ್ಟೆಗಳು. ಅವು ಬೆಳ್ಳಗಾಗಲಿಲ್ಲ. ನಾನು ಸಾಣಿಗೆ ಕೈಬಿಟ್ಟು ಕೂಗಿದೆ. ಮಾಬೂಬಿ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು.

ಅತ್ತೆ ಕೊಡ ಹೊತ್ತು ಅಂಗಳಕ್ಕೆ ಕಾಲಿಟ್ಟಾಗ ಕೂಸು ಅಳುತ್ತಿತ್ತು. ಹೆಣ್ಣುಕೂಸು. ಕೊಡ ಇಳಿಸುವುದನ್ನೂ ಮರೆತು ಅವರು ಹೊಸ್ತಿಲಲ್ಲಿ ನಿಂತುಬಿಟ್ಟರು. ಹೊನ್ನಪ್ಪ ಕೊಡ ತೆಗೆದುಕೊಂಡ. ಮಾಬೂಬಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ, "ಹಿಡೀರಿ ತುಳಜವ್ವ, ನಿಮ್ಮ ಮೊಮ್ಮಗಳು," ಎಂದು ಚಾಚಿದಳು. ಅತ್ತೆ ಮುಂದೆ ಬರಲಿಲ್ಲ. ತಮ್ಮ ಎರಡೂ ಕೈ ನೋಡಿಕೊಂಡರು. ಆಯುಷ್ಯವೆಲ್ಲ ತೊಟ್ಟಿಯ ನೀರಿನಲ್ಲಿ ಅದ್ದಿ ಬೆರಳ ಸಂದಿಗಳು ಕಪ್ಪಾಗಿದ್ದವು, ಉಗುರುಗಳು ಹಸಿರು ಹಿಡಿದಿದ್ದವು. ಹೋಗಿ ಕೈ ತೊಳೆದು ಬಂದರು. ಮತ್ತೆ ನೋಡಿಕೊಂಡು ಮತ್ತೆ ಹೋಗಿ, ಬೂದಿ ಹಚ್ಚಿ ತಿಕ್ಕಿ ತೊಳೆದು ಬಂದರು. ಬಣ್ಣ ಹೋಗಿರಲಿಲ್ಲ.

"ಬ್ಯಾಡ ನಿಂಬವ್ವ," ಎಂದರು. ಅವರ ಬಾಯಿಂದ ಅಷ್ಟು ಸಣ್ಣ ಧ್ವನಿ ನಾನು ಕೇಳಿರಲಿಲ್ಲ. "ಈ ಕೈಲೆ ಮುಟ್ಟಬಾರದು. ನಾ ದೂರದಿಂದನ ನೋಡ್ತೀನಿ. ನನಗ ಅಷ್ಟ ಸಾಕು."

ನನಗೆ ಅವರು ಹೊಟ್ಟೆಯೊಡನೆ ಜಗಳ ತೆಗೆದ ಬೆಳಿಗ್ಗೆಗಳೆಲ್ಲ ನೆನಪಾಗಲಿಲ್ಲ, ಕೆರೆಯೂ ನೆನಪಾಗಲಿಲ್ಲ. ಬಿರಿದ ಹಿಮ್ಮಡಿಯ ಮುದುಕಿಯೊಬ್ಬರು ಬಾಗಿಲಲ್ಲಿ ನಿಂತಿದ್ದದ್ದಷ್ಟೇ ಕಂಡಿತು. "ಅತ್ತಿ, ಇಲ್ಲಿ ಬರ್ರಿ," ಎಂದೆ. ಬಂದರು. ಅವರ ಕೈ ಹಿಡಿದೆಳೆದು ಕೂಸಿನ ಬೆತ್ತಲೆ ಬೆನ್ನಿನ ಮೇಲೆ ಇಟ್ಟು, ಮೇಲೆ ನನ್ನ ಕೈ ಇಟ್ಟೆ. ಅವರು ಎಳೆದುಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಆ ಕಪ್ಪು ಕೈಯಡಿ ಕೂಸಿನ ಬೆನ್ನು ಬಿಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ತಾವಾಗಿಯೇ ಆ ಬೆನ್ನು ಸವರತೊಡಗಿದರು.